ಕೋಲು ಕೈಯಾಗ, ಪದ ಬಾಯಾಗ

ತಂಗೀ, ತಮ್ಮಾ, ಈ ಸಲ ಗೌರಿ ಹುಣ್ಣಿಮೆಗೆ ಕೋಲು ಹಾಕುತ್ತೇವೆ, ಕಲಿಸಿಕೊಡ್ರಿ ಆಯಿ ಅಂತ ನೀವು ಕೇಳಿದಿರಿ. ಕೇಳಿದ್ದೇ ನನಗೆ ಹಬ್ಬ. ಹೆಜ್ಜೆ ಕಲಿಸುವುದು ದೊಡ್ಡ ಕೆಲಸವೇನಲ್ಲ, ಕೈಕಾಲು ಗಟ್ಟಿ ಇರುವ ನಿಮ್ಮಂಥವರಿಗೆ ಬೇಗ ಹತ್ತುತ್ತದೆ. ಆದರೆ ನೀವು ಮೊಬೈಲಿನಲ್ಲಿ ಹಾಡು ಆರಿಸಿಕೊಂಡೇ ಬಂದಿದ್ದಿರಿ. ಸ್ಪೀಕರಿಗೆ ಹಚ್ಚಿ ಅದಕ್ಕೆ ತಕ್ಕ ಹಾಗೆ ಕುಣಿಯೋಣ ಅಂದಿರಿ. ಅದೊಂದನ್ನು ಬಿಟ್ಟುಬಿಡಿ. ಪದ ನಿಮ್ಮ ಬಾಯಿಂದಲೇ ಬರಲಿ. ಅವತ್ತು ಎಲ್ಲರೂ ಅವಸರದಲ್ಲಿದ್ದಿರಿ, ಯಾಕೆ ಅಂತ ಬಿಡಿಸಿ ಹೇಳಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಕೋಲಿನ ಮಾತು. ನವರಾತ್ರಿಗೆ ಅಕ್ಕಲಕೋಟದ ಅಂಗಡಿಗಳಲ್ಲಿ ಸಿಗುವ ಬಣ್ಣದ ದಾಂಡಿಯಾ ಕೋಲು ನೋಡಲು ಚೆಂದ, ಹಗುರ. ಆದರೆ ಒಂದು ರಾತ್ರಿಯ ಆಟಕ್ಕೇ ತುದಿ ಸೀಳುತ್ತದೆ. ನಮ್ಮ ಹೊಲದ ಬದುವಿನಲ್ಲಿರುವ ಜಾಲಿ ಅಥವಾ ಬಾರಿ ಗಿಡದ ಟೊಂಗೆ ಸಾಕು. ಹೆಬ್ಬೆರಳಿನ ದಪ್ಪದ ನೇರ ಟೊಂಗೆ ಆರಿಸಿ, ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ ಅಳೆದು ಕಡಿಯಿರಿ. ತೊಗಟೆ ಸುಲಿದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಿರುಕು ಬಿಡುತ್ತದೆ. ತುದಿಗಳನ್ನು ಕಲ್ಲಿಗೆ ತಿಕ್ಕಿ ದುಂಡಗೆ ಮಾಡಿ, ಒಂದಿಷ್ಟು ಕುಸುಬಿ ಎಣ್ಣೆ ಸವರಿ ಇಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಎರಡೂ ಕೋಲು ಒಂದೇ ತೂಕ ಇರಬೇಕು. ಇಲ್ಲದಿದ್ದರೆ ಒಂದು ಕೈ ಮುಂದೆ, ಒಂದು ಕೈ ಹಿಂದೆ ಆಗುತ್ತದೆ.

ಮುಷ್ಟಿ ಬಿಗಿ ಮಾಡಬೇಡಿ. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳ ನಡುವೆ ಸಡಿಲಾಗಿ ಹಿಡಿದರೆ ಕೋಲಿಗೆ ಕೋಲು ತಾಗಿದ ಕೂಡಲೇ ಅದು ತಾನೇ ಹಿಂದಕ್ಕೆ ಪುಟಿಯುತ್ತದೆ, ಮುಂದಿನ ಪೆಟ್ಟಿಗೆ ಕೈ ತಯಾರಿರುತ್ತದೆ. ಬಿಗಿ ಹಿಡಿದವರ ಮಣಿಕಟ್ಟು ಒಂದು ಪದ ಮುಗಿಯುವುದರೊಳಗೆ ಸೋಲುತ್ತದೆ. ಪೆಟ್ಟು ತುದಿಯಿಂದ ನಾಲ್ಕು ಬೆರಳು ಒಳಗೆ ಬೀಳಲಿ, ಸಪ್ಪಳ ಅಲ್ಲಿ ತುಂಬಿ ಬರುತ್ತದೆ. ಜೋರು ಬೇಡ. ಹೊಸಬರ ಗೆಣ್ಣಿಗೆ ಏಟು ಬೀಳುವುದು ಹೆಚ್ಚಾಗಿ ತಮ್ಮ ಕೋಲನ್ನೇ ತಾವು ನೋಡುತ್ತ ನಿಂತಾಗ. ಕಣ್ಣು ಎದುರಿಗಿರುವವರ ಮೇಲಿರಬೇಕು. ಅವರ ಭುಜ ಎತ್ತ ತಿರುಗುತ್ತದೆ ಅನ್ನುವುದು ಗೊತ್ತಾದರೆ ಅವರ ಕೋಲು ಎಲ್ಲಿ ಬರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ನಿಮ್ಮ ಕೋಲು ತಾನೇ ಅಲ್ಲಿಗೆ ಹೋಗುತ್ತದೆ.

ಇನ್ನು ಪದದ ಮಾತು, ನಾನು ಹೇಳಬೇಕೆಂದಿರುವುದೇ ಅದು. ಕೋಲಾಟದಲ್ಲಿ ಒಬ್ಬಳು ಪದ ಎತ್ತುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಅವಳು ಒಂದು ನುಡಿ ಹೇಳುವಾಗ ಮಿಕ್ಕವರು ನಿಂತಲ್ಲೇ ಹಗುರ ಹೆಜ್ಜೆ ಹಾಕುತ್ತ, ತಮ್ಮ ಕೋಲಿಗೆ ತಮ್ಮ ಕೋಲು, ಆಮೇಲೆ ಜೋಡಿಯವರ ಕೋಲಿಗೆ ಎಂದು ಮೆಲ್ಲಗೆ ಬಡಿಯುತ್ತಿರುತ್ತಾರೆ. ನುಡಿ ಮುಗಿದು ಸೊಲ್ಲು ಬಂದ ಕೂಡಲೇ ಎಲ್ಲರೂ ದನಿ ಎತ್ತುತ್ತಾರೆ. ಆಗಲೇ ತಿರುಗುವುದು, ಬಗ್ಗುವುದು, ಒಳಸುತ್ತಿನವರು ಹೊರಗೆ, ಹೊರಸುತ್ತಿನವರು ಒಳಗೆ ಜಾಗ ಬದಲಿಸುವುದು. ಹೇಳುವವಳಿಗೆ ಉಸಿರಾಡಲು ಸಮಯ ಸಿಗುವುದೂ ಆಗಲೇ.

ಆ ಹೇಳುವವಳನ್ನು ಚೆನ್ನಾಗಿ ಗಮನಿಸಿ. ಅವಳ ಕಣ್ಣು ಸುತ್ತೆಲ್ಲ ಓಡುತ್ತಿರುತ್ತದೆ. ಒಬ್ಬ ಹುಡುಗಿ ತಿರುವಿನಲ್ಲಿ ಹಿಂದೆ ಬಿದ್ದಳೋ, ಇವಳು ಕೊನೆಯ ಅಕ್ಷರವನ್ನು ಎಳೆಯುತ್ತಾಳೆ, ಬೇಕಾದರೆ ಅದೇ ಸಾಲನ್ನು ಮತ್ತೊಮ್ಮೆ ಹೇಳುತ್ತಾಳೆ. ಹಿಂದೆ ಬಿದ್ದವಳು ಬಂದು ಕೂಡಿಕೊಂಡ ಮೇಲೆಯೇ ಸೊಲ್ಲು ಬಿಡುವುದು. ನೋಡುತ್ತ ನಿಂತವರಿಗೆ ಯಾರು ತಪ್ಪಿದರು ಅನ್ನುವುದೇ ತಿಳಿಯುವುದಿಲ್ಲ. ಎಲ್ಲರ ಕಾಲು ಕಾಯ್ದಾಗ ಅವಳೇ ಚಾಲು ಏರಿಸುತ್ತಾಳೆ. ಸ್ಪೀಕರಿನಿಂದ ಬರುವ ಹಾಡಿಗೆ ಈ ಕಣ್ಣಿಲ್ಲ. ಅದು ಯಾರಿಗೂ ಕಾಯುವುದಿಲ್ಲ. ಅದಕ್ಕೆ ಕುಣಿಯುವಾಗ ಕಲಿತವರು ಮುಂದೆ ಹೋಗುತ್ತಾರೆ, ಕಲಿಯದವರು ನಾಚಿ ಸುತ್ತಿನಿಂದ ಹೊರಗೆ ಬರುತ್ತಾರೆ, ಮುಂದಿನ ವರ್ಷ ಅವರು ಬರುವುದೇ ಇಲ್ಲ. ಇನ್ನೊಂದು ಮಾತು: ಹಾಡುತ್ತ ಕುಣಿಯುವವರಿಗೆ ತಮ್ಮ ಉಸಿರು ಮೀರಿ ಓಡಲು ಆಗುವುದಿಲ್ಲ. ಸೀಗಿ ಹುಣ್ಣಿಮೆಯ ತಿಂಗಳಲ್ಲಿ ಅರ್ಧ ರಾತ್ರಿಯವರೆಗೆ ಅರವತ್ತು ದಾಟಿದ ಹೆಂಗಸರೂ ಆಡುತ್ತಿದ್ದದ್ದು ಈ ಕಡಿವಾಣ ಇದ್ದುದರಿಂದಲೇ.

ಇದು ಹಳ್ಳಿಯ ಮುದುಕಿಯ ಹಠ ಅಂತ ತಿಳಿಯಬೇಡಿ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ 1623ರಲ್ಲಿ ಗೋವೆಯಿಂದ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದಿದ್ದ. ಕೆಳದಿಯ ವೆಂಕಟಪ್ಪ ನಾಯಕನ ರಾಜಧಾನಿ ಅದು. ಅಲ್ಲಿ ಹಬ್ಬದ ಸಂಜೆ ಬೀದಿಯಲ್ಲಿ ಹುಡುಗಿಯರು ಕೋಲು ಹಾಕುವುದನ್ನು ಕಂಡು ತನ್ನ ಪತ್ರದಲ್ಲಿ ವಿವರವಾಗಿ ಬರೆದಿಟ್ಟ. ಕೈಯಲ್ಲಿ ಗೇಣುದ್ದದ ಬಣ್ಣದ ಕೋಲುಗಳು, ಜೊತೆಗೆ ವಾದ್ಯದ ಸಪ್ಪಳ, ಗುಂಪಿನಲ್ಲಿ ಜಾಣೆಯಾದ ಒಬ್ಬಳು ಒಂದು ನುಡಿ ಹಾಡುವುದು, ಅದು ಮುಗಿದ ಕೂಡಲೇ ಉಳಿದವರೆಲ್ಲ ಏಳೆಂಟು ಸಲ ಕೋಲೆ ಎಂದು ಸೊಲ್ಲು ಹಿಡಿಯುವುದು, ಎಲ್ಲವೂ ಅದರಲ್ಲಿದೆ. ಆ ಸೊಲ್ಲು ಏನೆಂದು ಅವನಿಗೆ ತಿಳಿಯಲಿಲ್ಲ, ಸಂತೋಷದ ಕೂಗಿರಬೇಕು ಎಂದುಕೊಂಡ. ಅವು ಗೌರಿಯ ಹಬ್ಬದ ದಿನಗಳು ಅಂತಲೂ ಅವನಿಗೆ ಯಾರೋ ಹೇಳಿದ್ದರು. ಓದಿದಾಗ ನನಗೆ ಮೈ ಜುಮ್ಮೆಂದಿತು. ನಾನೂರು ವರ್ಷ, ನಡುವೆ ಅಷ್ಟು ದೂರದ ಮಲೆನಾಡು, ಆದರೆ ಒಬ್ಬಳು ಎತ್ತುವುದು ಎಲ್ಲರೂ ಹಿಡಿಯುವುದು ಅನ್ನುವ ಕಟ್ಟು ಅದೇ. ಸೊಲ್ಲೂ ಅದೇ. ಹಂಪಿಗೆ ಹೋದರೆ ಹಜಾರರಾಮನ ಗುಡಿಯ ಹೊರಗೋಡೆ ಮತ್ತು ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕೋಲು ಹಿಡಿದ ಹೆಂಗಸರನ್ನು ನೋಡಿ ಬನ್ನಿ. ಮೈ ಬಾಗಿಸಿದ ರೀತಿ, ಕೋಲಿಗೆ ಕೋಲು ತಾಗಿಸಿದ ರೀತಿ ಕಲ್ಲಿನಲ್ಲಿ ಉಳಿದಿದೆ. ಪದ ಮಾತ್ರ ಬಾಯಿಂದ ಬಾಯಿಗೆ ಬಂದರೇ ಉಳಿಯುವಂಥದ್ದು.

ಹಾಗೆ ಬಾಯಿಂದ ಬಾಯಿಗೆ ಬಂದ ಪದಗಳು ನಮ್ಮ ವಾಗದರಿಗೆ ಯಾರ ಜೊತೆ ಬಂದವು ಅಂತ ಯೋಚಿಸಿದ್ದೀರಾ? ಸೊಸೆಯಂದಿರ ಜೊತೆ. ನಮ್ಮ ಊರು ಅಕ್ಕಲಕೋಟ ಸಂಸ್ಥಾನದ ಭೋಸಲೆ ಅರಸರ ಕೈಯಲ್ಲಿತ್ತು. ಪಕ್ಕದ ಆಳಂದ ಸೀಮೆ ಹೈದರಾಬಾದ್ ನಿಜಾಮನದು. ಭೀಮೆಯ ಆಚೆಯ ಇಂಡಿ, ಈಚೆಯ ಸೊಲ್ಲಾಪುರ ಇಂಗ್ಲಿಷರ ಮುಂಬಯಿ ಇಲಾಖೆಯವು. ಮೂರು ಸರಕಾರ, ಮೂರು ಕಾನೂನು. ಆದರೆ ಹೆಣ್ಣು ಕೊಡುವುದು ತರುವುದಕ್ಕೆ ಯಾರೂ ಯಾವ ಗಡಿಯನ್ನೂ ಕೇಳಲಿಲ್ಲ. ಆಳಂದದ ಕಡೆಯಿಂದ ಬಂದವಳು ಅಲ್ಲಿಯ ಪದ ತಂದಳು, ಅಫಜಲಪುರದಿಂದ ಬಂದವಳು ಅಲ್ಲಿಯ ಧಾಟಿ ತಂದಳು. ನಾನೂ ಹಾಗೆಯೇ ಬಂದವಳು. ಒಂದೇ ಗೌರಿಯ ಪದ ನಮ್ಮ ಓಣಿಯಲ್ಲಿ ಒಂದು ಥರ, ಆಚೆ ಓಣಿಯಲ್ಲಿ ಇನ್ನೊಂದು ಥರ ಇದ್ದರೆ, ಯಾವುದು ಸರಿ ಅಂತ ಜಗಳ ಬೇಡ. ಯಾರ ತವರಿನಿಂದ ಬಂತು ಅಂತ ಕೇಳಿ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, ನಿಜಾಮನ ಆಳ್ವಿಕೆಯೂ ಅದೇ ವರ್ಷ ಮುಗಿಯಿತು. 1956ರಲ್ಲಿ ರಾಜ್ಯಗಳ ಗೆರೆ ಬಿತ್ತು, 1960ರಲ್ಲಿ ಮಹಾರಾಷ್ಟ್ರವಾಯಿತು, 1967ರಲ್ಲಿ ಮಹಾಜನ ಆಯೋಗದ ವರದಿ ಬಂತು. ಆ ಗಡಿಯ ವಾದ ಇನ್ನೂ ನಡೆದೇ ಇದೆ. ಅದನ್ನು ನೋಡಿಕೊಳ್ಳುವವರು ನೋಡಿಕೊಳ್ಳಲಿ. ನಮ್ಮ ಅಂಗಳದ ಪದ ಉಳಿಯುವುದು ಯಾವ ವರದಿಯ ಮೇಲೂ ನಿಂತಿಲ್ಲ.

ಪದದಲ್ಲಿ ಏನಿದೆ ಅಂತ ನಿಮ್ಮಲ್ಲೊಬ್ಬಳು ಕೇಳಿದಳು. ಏನಿಲ್ಲ ಕೇಳು! ಶಿವ ಪಾರ್ವತಿಯರ ಮುನಿಸು ಇದೆ, ಪಾಂಡವರ ವನವಾಸ ಇದೆ, ತವರಿಗೆ ಕರೆಯಲು ಅಣ್ಣ ಬರಲಿಲ್ಲ ಅನ್ನುವ ಅಳಲಿದೆ, ಮಳೆ ಬಾರದ ವರ್ಷದ ಲೆಕ್ಕವಿದೆ. 1972ರ ದುಷ್ಕಾಳದಲ್ಲಿ ಸೊಲ್ಲಾಪುರ ಜಿಲ್ಲೆಯ ಹೆಂಗಸರು ರಸ್ತೆ ಕಾಮಗಾರಿಯಲ್ಲಿ ಖಡಿ ಒಡೆದರು. ಹೊಟ್ಟೆಗಿಲ್ಲದ ದಿನಗಳವು. ಕೋಲಿನ ಪದವನ್ನೇ ಸುತ್ತಿಗೆಯ ಪೆಟ್ಟಿಗೆ ಹೊಂದಿಸಿ ಹೇಳುತ್ತ ನಾವು ದಿನ ಕಳೆದೆವು. ಒಬ್ಬಳು ಎತ್ತುತ್ತಿದ್ದಳು, ಸಾಲಿನಲ್ಲಿ ಕೂತವರು ಹಿಡಿಯುತ್ತಿದ್ದರು. ಕೈ ಸೋತವಳ ಪಾಲಿನ ಪೆಟ್ಟನ್ನು ಪಕ್ಕದವಳು ಹಾಕುತ್ತಿದ್ದಳು. ಕಷ್ಟದಲ್ಲಿ ಇದು ಕೈಹಿಡಿಯುತ್ತದೆ ಅನ್ನುವುದನ್ನು ನಾನು ಅಲ್ಲಿ ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಮ್ಮಲ್ಲಿ ಅರ್ಧ ಜನ ಮರಾಠಿ ಶಾಲೆಗೆ, ಕೆಲವರು ಇಂಗ್ಲಿಷ್ ಶಾಲೆಗೆ ಹೋಗುವವರು. ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲು ಬರೆಯಲು ಬರುವುದಿಲ್ಲ, ಪದ ಹೇಗೆ ಬರೆದುಕೊಳ್ಳುವುದು ಅಂತ ಹಿಂಜರಿಯುತ್ತೀರಿ. ದೇವನಾಗರಿಯಲ್ಲಿ ಬರೆದುಕೊಳ್ಳಿ, ಏನೂ ತೊಂದರೆಯಿಲ್ಲ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಓದಿದ್ದು ಮರಾಠಿ ಶಾಲೆಯಲ್ಲಿ. ಆಮೇಲೆ ಕನ್ನಡ ಕಲಿತು, ನಮ್ಮ ಹೆಂಗಸರ ಹಾಡಿನ ತ್ರಿಪದಿಯಲ್ಲೇ ಸಿದ್ಧರಾಮನ ಪುರಾಣ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠ ಏರಿದ ಮೊದಲ ಹೆಣ್ಣುಮಗಳು ಅವರೇ. ಬಾಯಲ್ಲಿ ಪದ ಇದ್ದರೆ ಅಕ್ಷರ ಇವತ್ತಲ್ಲ ನಾಳೆ ಕೈಗೆ ಬರುತ್ತದೆ. ಅಕ್ಷರ ಬರುವವರೆಗೆ ಕಾಯುತ್ತ ಕೂತರೆ ಮಾತ್ರ ಪದ ಹೇಳಿಕೊಡುವವರು ಇರುವುದಿಲ್ಲ.

ದಾಂಡಿಯಾ ಆಡಬೇಡಿ, ಲೇಜೀಮ್ ಹಿಡಿಯಬೇಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಲೇಜೀಮಿನ ಝಣಝಣ ಕೇಳಿದರೆ ಈ ವಯಸ್ಸಿನಲ್ಲೂ ನನ್ನ ಕಾಲು ನಿಲ್ಲುವುದಿಲ್ಲ. ಮರಾಠಿಯವರ ಟಿಪರಿ ನಮ್ಮ ಕೋಲಿನ ತಂಗಿಯೇ. ಖಾನದೇಶ, ವಿದರ್ಭದ ಕಡೆ ಭುಲಾಬಾಯಿಯ ಹಬ್ಬದಲ್ಲಿ ಹುಡುಗಿಯರು ಟಿಪರಿ ಬಡಿಯುತ್ತ ಹಾಡುತ್ತಾರೆ. ತೆಲುಗರಲ್ಲಿ ಕೋಲಾಟಂ, ತಮಿಳರಲ್ಲಿ ಕೋಲಾಟ್ಟಂ ಇದೆ. ಕೊಡಗಿನಲ್ಲಿ ಪುತ್ತರಿ ಹಬ್ಬದ ದಿನಗಳಲ್ಲಿ ಗಂಡಸರು ಊರ ಬಯಲಾದ ಮಂದ್‌ನಲ್ಲಿ ಸೇರಿ ಕೋಲು ಹೊಡೆಯುತ್ತಾರೆ. ನಿಮ್ಮ ಮರಾಠಿ ಗೆಳತಿಯರನ್ನು ನಮ್ಮ ಸುತ್ತಿಗೆ ಕರೆಯಿರಿ. ಸೊಲ್ಲು ಹಿಡಿಯಲು ಭಾಷೆ ಬರಲೇಬೇಕೆಂದಿಲ್ಲ, ಎರಡು ಸಲ ಕೇಳಿದರೆ ಬಾಯಿಗೆ ಬರುತ್ತದೆ. ಅವರ ಒಂದು ಹಾಡನ್ನು ನೀವೂ ಕಲಿಯಿರಿ.

ಸುತ್ತಿನಲ್ಲಿ ಯಾರು ನಿಲ್ಲಬೇಕು ಅನ್ನುವ ವಿಷಯದಲ್ಲಿ ನಾನು ಬಹಳ ಖಡಾಖಂಡಿತ. ನಮ್ಮ ಕಾಲದಲ್ಲಿ ಓಣಿಗೊಂದು ಸುತ್ತು ಇರುತ್ತಿತ್ತು. ಯಾವ ಜಾತಿಯವರು ಯಾವ ಅಂಗಳಕ್ಕೆ ಬರಬಹುದು ಅನ್ನುವುದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಗಂಡ ಸತ್ತವಳು ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಹಿಡಿಯುವಂತಿರಲಿಲ್ಲ. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಪದ ಎತ್ತುತ್ತಿದ್ದ ಒಬ್ಬಳು ಹರೆಯದಲ್ಲೇ ಗಂಡನನ್ನು ಕಳೆದುಕೊಂಡು, ಆಮೇಲೆ ಗೋಡೆಗೆ ಒರಗಿ ಕೂತು ಬರೀ ಕೇಳುತ್ತಿದ್ದಳು. ಅವಳು ಕಲಿತ ಪದಗಳಲ್ಲಿ ಎಷ್ಟೋ ಅವಳ ಜೊತೆಗೇ ಹೋದವು. ಅದು ಅನ್ಯಾಯ. ಸಂಪ್ರದಾಯ ಅಂತ ಅದನ್ನು ಮುಂದುವರಿಸಬೇಡಿ. ಕೋಲಾಟದ ಒಳಗೇ ಅದಕ್ಕೆ ಉತ್ತರ ಇದೆ. ಸರಪಳಿ ಸುತ್ತು ಹಾಕುವಾಗ ಒಳಗಿನವರು ಒಂದು ದಿಕ್ಕಿಗೆ, ಹೊರಗಿನವರು ಅದರ ಎದುರು ದಿಕ್ಕಿಗೆ ಸರಿಯುತ್ತ ಹೋಗುತ್ತಾರೆ. ಒಂದು ಪೂರ್ತಿ ಸುತ್ತು ಮುಗಿಯುವುದರೊಳಗೆ ಪ್ರತಿಯೊಬ್ಬರೂ ಎದುರು ಸುತ್ತಿನ ಪ್ರತಿಯೊಬ್ಬರಿಗೂ ಕೋಲು ಕೊಟ್ಟಿರುತ್ತಾರೆ. ಇವರ ಕೋಲು ಮುಟ್ಟುತ್ತೇನೆ, ಅವರದು ಮುಟ್ಟುವುದಿಲ್ಲ ಅಂದರೆ ಆಟ ಅಲ್ಲೇ ನಿಂತಿತು. ವಿಜಯಪುರದ ಕಡೆ ಮೊಹರಮ್ಮಿಗೆ ಹೆಜ್ಜೆಮೇಳ ಕಟ್ಟುವವರಲ್ಲಿ ಎಲ್ಲ ಜಾತಿ, ಎರಡೂ ಧರ್ಮದವರು ಕೂಡಿ ಹೆಜ್ಜೆ ಹಾಕುತ್ತಾರೆ. ನಿಮ್ಮ ಸುತ್ತೂ ಹಾಗಿರಲಿ. ಹುಡುಗರೂ ಬರಲಿ. ಹೊಸಬರನ್ನು ಇಬ್ಬರು ಬಲ್ಲವರ ನಡುವೆ ನಿಲ್ಲಿಸಿ. ಕೊನೆಯಲ್ಲಿ ನಿಲ್ಲಿಸಿದರೆ ಅವರು ಕಲಿಯುವುದಿಲ್ಲ, ಹೆದರುತ್ತಾರೆ.

ಸ್ಪರ್ಧೆಗೆ ಹೋಗಬೇಕು ಅನ್ನುವ ಆಸೆಯೂ ನಿಮಗಿದೆ. ಹೋಗಿ. ಬಹುಮಾನ ಬಂದರೆ ನಾನೇ ಊರಿಗೆಲ್ಲ ಸಕ್ಕರೆ ಹಂಚುತ್ತೇನೆ. ಆದರೆ ವೇದಿಕೆ ಏನು ಮಾಡುತ್ತದೆ ಅನ್ನುವುದು ತಿಳಿದಿರಲಿ. ತೀರ್ಪು ಕೊಡುವವರು ಮುಂದೆ ಕೂತಿರುತ್ತಾರೆ. ಅವರಿಗೆ ಬೆನ್ನು ತೋರಿಸಬಾರದು ಅಂತ ಸುತ್ತು ಒಡೆದು ಸಾಲಾಗುತ್ತದೆ, ಎದುರಿನವರನ್ನು ನೋಡಬೇಕಾದ ಕಣ್ಣು ಜನರ ಕಡೆ ತಿರುಗುತ್ತದೆ. ಕೊಟ್ಟ ನಾಲ್ಕೈದು ನಿಮಿಷದಲ್ಲಿ ಮುಗಿಸಬೇಕು ಅಂತ ನುಡಿಗಳನ್ನು ಕತ್ತರಿಸುತ್ತಾರೆ, ಕಥೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೆ ಬೇರೆ ತಾಲೀಮು ಮಾಡಿಕೊಳ್ಳಿ. ಅಂಗಳದಲ್ಲಿ ಆಡುವಾಗ ಪೂರ್ತಿ ಪದ ಹೇಳಿ, ಪೂರ್ತಿ ಸುತ್ತು ಹಾಕಿ. ಅಲ್ಲಿ ನೋಡುವವರಿಗಾಗಿ ಏನನ್ನೂ ಬದಲಿಸಬೇಡಿ. ನೋಡುತ್ತ ನಿಂತವರ ಕೈಗೆ ಒಂದು ಜೊತೆ ಕೋಲು ಕೊಟ್ಟು ಒಳಗೆ ಕರೆಯಿರಿ.

ಕೈ ಪಳಗಿದ ಮೇಲೆ ಜಡೆ ಕೋಲಾಟ ಕಲಿಸುತ್ತೇನೆ. ಗುಡಿಯ ತೊಲೆಗೋ ಗಟ್ಟಿ ಟೊಂಗೆಗೋ ಬಣ್ಣದ ಹಗ್ಗಗಳನ್ನು ಕಟ್ಟಿ ಇಳಿಬಿಡುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ತುದಿ. ಎಡಗೈಯಲ್ಲಿ ಕೋಲಿನ ಜೊತೆಗೆ ಹಗ್ಗವನ್ನೂ ಹಿಡಿಯಬೇಕು. ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ. ಎದುರು ಬಂದ ಒಬ್ಬರ ಒಳಗಿನಿಂದ ಹೋದರೆ ಮುಂದಿನವರ ಹೊರಗಿನಿಂದ ಹೋಗಬೇಕು, ಮತ್ತೆ ಒಳಗಿನಿಂದ. ಪದ ನಡೆದಂತೆ ತಲೆಯ ಮೇಲೆ ಜಡೆ ಹೆಣೆದುಕೊಳ್ಳುತ್ತ ಕೆಳಗೆ ಇಳಿಯುತ್ತದೆ, ಹಗ್ಗ ಗಿಡ್ಡವಾದಷ್ಟೂ ಸುತ್ತು ಕಿರಿದಾಗುತ್ತದೆ. ಹೆಣೆಯುವುದನ್ನು ಬಹಳ ಜನ ಮಾಡುತ್ತಾರೆ. ಬಿಚ್ಚುವುದರಲ್ಲಿ ನಿಜವಾದ ಜಾಣತನ ಇದೆ. ಬಂದ ದಾರಿಯಲ್ಲೇ ಹಿಂದೆ ಹೋಗಬೇಕು, ಎಲ್ಲಿ ಒಳಗೆ ಹೋಗಿದ್ದೆವೋ ಅಲ್ಲಿಂದಲೇ ಹೊರಗೆ. ಒಬ್ಬರು ಮರೆತರೂ ಗಂಟು ಬೀಳುತ್ತದೆ. ಗಂಟು ಬಿದ್ದಾಗ ಬೈಯುವುದು, ಹಗ್ಗ ಜಗ್ಗುವುದು ಮಾಡಬಾರದು, ಜಗ್ಗಿದಷ್ಟೂ ಬಿಗಿಯಾಗುತ್ತದೆ. ಎಲ್ಲರೂ ನಿಲ್ಲಬೇಕು. ಪದ ಹೇಳುವವಳು ಸೊಲ್ಲನ್ನೇ ಮೆಲ್ಲಗೆ ಹೇಳುತ್ತ ಇರುತ್ತಾಳೆ, ಗಂಟಿನ ಹತ್ತಿರ ಇರುವ ಇಬ್ಬರು ಎರಡು ಹೆಜ್ಜೆ ಹಿಂದೆ ಸರಿದು ಅದನ್ನು ಬಿಡಿಸುತ್ತಾರೆ, ಆಮೇಲೆ ನುಡಿ ಮುಂದುವರಿಯುತ್ತದೆ. ಸ್ಪೀಕರಿನ ಹಾಡು ಓಡುತ್ತಿದ್ದರೆ ಗಂಟು ಬಿಡಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಮೊಬೈಲನ್ನೇ ದೂರ ಇಡಿ ಅಂತಲ್ಲ. ಅದರಿಂದ ಒಂದು ದೊಡ್ಡ ಕೆಲಸ ಆಗಬೇಕಾಗಿದೆ. ಭೀಮೆಯ ಆಚೆ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು ಹೆಂಗಸರ ಬಾಯಿಂದ ಹಾಡು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪುಸ್ತಕ ಮಾಡಿದರು. ಅವರ ಕೈಯಲ್ಲಿ ಇದ್ದದ್ದು ಕಾಗದ ಮತ್ತು ಲೇಖಣಿ. ನಿಮ್ಮ ಕೈಯಲ್ಲಿ ದನಿಯನ್ನೇ ಹಿಡಿದಿಡುವ ಯಂತ್ರ ಇದೆ. ಊರಿನಲ್ಲಿ, ಮೈಂದರ್ಗಿ ದುಧನಿಯ ಕಡೆ, ನಿಮ್ಮ ಆಯಿಯ ತವರಿನಲ್ಲಿ ಪದ ಬಲ್ಲ ಮುದುಕಿಯರು ಇದ್ದಾರೆ. ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಹೋದ ಕೂಡಲೇ ಮೊಬೈಲ್ ಮುಂದೆ ಹಿಡಿಯಬೇಡಿ, ದನಿ ಗಂಟಲಲ್ಲೇ ನಿಲ್ಲುತ್ತದೆ. ಜೋಳ ಹಸನು ಮಾಡುತ್ತಿದ್ದರೆ ಜೊತೆಗೆ ಕೈ ಹಾಕಿ. ಅವರಾಗಿಯೇ ಗುನುಗಲು ಸುರು ಮಾಡುತ್ತಾರೆ. ಆಮೇಲೆ ‘ಹಿಡಕೊಳ್ಳಲೇನ್ರಿ ಆಯಿ’ ಅಂತ ಕೇಳಿ ಹಿಡಿದುಕೊಳ್ಳಿ. ಯಾವ ಊರಿನ ಪದ, ಯಾರಿಂದ ಕಲಿತದ್ದು, ಯಾವ ಹಬ್ಬಕ್ಕೆ ಹೇಳುವುದು ಅಂತ ಬರೆದಿಡಿ. ಅವರ ಒಪ್ಪಿಗೆ ಇಲ್ಲದೆ ಊರಿಗೆಲ್ಲ ಕಳಿಸಬೇಡಿ. ಕೆಲವರಿಗೆ ಮರೆವು ಬಂದಿದೆ, ನಡುವೆ ಎರಡು ನುಡಿ ಬಿಟ್ಟು ಹೋಗುತ್ತದೆ. ಬಿಟ್ಟದ್ದನ್ನು ನಿಮ್ಮ ಮನಸ್ಸಿನಿಂದ ತುಂಬಿಸಬೇಡಿ, ಇನ್ನೊಬ್ಬರನ್ನು ಕೇಳಿ. ಯಾರಲ್ಲಿಯೂ ಸಿಗದಿದ್ದರೆ ಆಗ ನೀವೇ ಹೊಸ ನುಡಿ ಕಟ್ಟಿ, ಆದರೆ ಇದು ನಾವು ಕಟ್ಟಿದ್ದು ಅಂತ ಬರೆದಿಡಿ. ಹೊಸದು ಕಟ್ಟಬಾರದು ಅಂತ ಯಾವ ಹಿರಿಯರೂ ಹೇಳಿಲ್ಲ, ನಾವೂ ಕಟ್ಟಿದ್ದೇವೆ. ಈಗಿನ ಬರ, ಪುಣೆಗೆ ದುಡಿಯಲು ಹೋದ ಅಣ್ಣ, ಪರೀಕ್ಷೆಯ ಚಿಂತೆ, ಎಲ್ಲವೂ ಪದದೊಳಗೆ ಬರಲಿ.

ಸೀಗಿ ಹುಣ್ಣಿಮೆಯಿಂದ ಗೌರಿ ಹುಣ್ಣಿಮೆಯವರೆಗೆ ಒಂದು ತಿಂಗಳು ಸಿಗುತ್ತದೆ. ಊಟ ಮುಗಿಸಿ ಗುಡಿಯ ಮುಂದೆ ಬನ್ನಿ. ಮೊದಮೊದಲು ಕೋಲು ಬೇಡ, ಕೂತು ಸೊಲ್ಲು ಹಿಡಿಯುವುದನ್ನು ಕಲಿಯೋಣ. ಆಮೇಲೆ ಚಪ್ಪಾಳೆಯಲ್ಲಿ ಪೆಟ್ಟು, ಅದು ಕೂಡಿ ಬಂದ ಮೇಲೆ ಕೋಲು. ಪದ ಎತ್ತಲು ಒಬ್ಬಳನ್ನೇ ನಂಬಿ ಕೂರುವುದು ಬೇಡ, ಮೂರು ನಾಲ್ಕು ಜನ ತಯಾರಾಗಬೇಕು. ಯಾರ ದನಿ ಚೆನ್ನಾಗಿದೆ ಅಂತ ನಾನು ನೋಡುವುದಿಲ್ಲ. ಯಾರ ಕಣ್ಣು ಹಿಂದೆ ಬಿದ್ದವರ ಕಡೆ ಹೋಗುತ್ತದೆ ಅಂತ ನೋಡುತ್ತೇನೆ, ಅವರಿಗೆ ಕಲಿಸುತ್ತೇನೆ. ಕೋಲು ಸಿಗದವರು ಅದಕ್ಕೇ ಮನೆಯಲ್ಲಿ ಕೂರಬೇಡಿ. ಜಾಲಿಯ ಟೊಂಗೆ ಕಡಿಸಿ ನೆರಳಲ್ಲಿ ಒಣಗಲು ಇಟ್ಟಿದ್ದೇನೆ. ಬಂದು ನಿಮ್ಮ ನಿಮ್ಮ ಕೈ ಅಳತೆಗೆ ಕತ್ತರಿಸಿಕೊಳ್ಳಿ, ಬರುವಾಗ ಒಂದು ಕುಡಗೋಲು ತನ್ನಿ.